ಕೂಸಿನ ಕೈಬೆರಳುಗಳ ಬೆಳವಣಿಗೆ: ತಪಾಸಣೆ ಯಾವಾಗ, ಹೇಗೆ?

ಮಗು ಬೋರಲು ಬಿದ್ದ ದಿನ, ಅಂಬೆಗಾಲಿಕ್ಕಿದ ದಿನ, ಮೊದಲ ಹೆಜ್ಜೆ ಇಟ್ಟ ದಿನ ಮನೆಮಂದಿಗೆಲ್ಲ ನೆನಪಿರುತ್ತದೆ. ಅದೇ ಮಗು ಗಿಲಕಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ್ದು ಯಾವಾಗ, ನೆಲಕ್ಕೆ ಬಿದ್ದ ಅನ್ನದ ಅಗುಳನ್ನು ಎರಡೇ ಬೆರಳಿನಲ್ಲಿ ಹೆಕ್ಕಿದ್ದು ಯಾವಾಗ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ. ಕಾಲಿನ ಬೆಳವಣಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೈಯ ಬೆಳವಣಿಗೆ ಸದ್ದಿಲ್ಲದೆ ನಡೆಯುತ್ತದೆ. ಅದು ತಡವಾದರೂ ಸದ್ದಿಲ್ಲದೆಯೇ ತಡವಾಗುತ್ತದೆ.

ಮಗುವಿನ ಮೆದುಳು, ನರ ಮತ್ತು ಸ್ನಾಯುಗಳ ಸ್ಥಿತಿಯನ್ನು ಮೊದಲ ವರ್ಷದಲ್ಲಿ ಸ್ಪಷ್ಟವಾಗಿ ತೋರುವ ಅಂಗಗಳಲ್ಲಿ ಕೈ ಪ್ರಮುಖವಾದುದು. ಅದರ ಚಲನೆಯನ್ನು ಕ್ರಮಬದ್ಧವಾಗಿ ಪರಿಶೀಲಿಸುವ ವಿಧಾನಕ್ಕೆ ಆಕ್ಯುಪೇಷನಲ್ ಥೆರಪಿ ತಪಾಸಣೆ ಎಂದು ಹೆಸರು. ನಗರಗಳಲ್ಲಿ ಮಕ್ಕಳ ವೈದ್ಯರು ಈ ತಪಾಸಣೆಗೆ ಚೀಟಿ ಬರೆದುಕೊಡುವುದು ಈಗ ಸಾಮಾನ್ಯ. ಆ ಚೀಟಿ ಕೈಗೆ ಬಂದಾಗ ಗಾಬರಿಪಡುವ, ಇಲ್ಲವೇ ಅದನ್ನು ಕಡೆಗಣಿಸುವ ಪೋಷಕರೂ ಅಷ್ಟೇ ಸಾಮಾನ್ಯ. ಎರಡಕ್ಕೂ ಕಾರಣ ಮಾಹಿತಿಯ ಕೊರತೆ.

ಹೆಸರಿನ ಗೊಂದಲ

ಆಕ್ಯುಪೇಷನಲ್ ಥೆರಪಿಯನ್ನು ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎನ್ನಲಾಗುತ್ತದೆ. ಆರು ತಿಂಗಳ ಕೂಸಿಗೆ ಎಂಥ ಉದ್ಯೋಗ ಎಂಬ ಪ್ರಶ್ನೆ ಸಹಜ. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವಲ್ಲ. ವ್ಯಕ್ತಿಯೊಬ್ಬ ತನ್ನ ದಿನವನ್ನು ತುಂಬಿಕೊಳ್ಳುವ ಎಲ್ಲ ಚಟುವಟಿಕೆ. ಕೂಸಿನ ಪಾಲಿಗೆ ಹಾಲು ಕುಡಿಯುವುದು, ಆಟವಾಡುವುದು, ನಿದ್ರಿಸುವುದು, ಸಿಕ್ಕಿದ್ದನ್ನು ಬಾಯಿಗಿಟ್ಟು ಪರೀಕ್ಷಿಸುವುದು ಇವೇ ಉದ್ಯೋಗ. ಸ್ಥೂಲವಾಗಿ ಹೇಳುವುದಾದರೆ ಫಿಸಿಯೋಥೆರಪಿ ಚಲನೆ ಮತ್ತು ಸ್ನಾಯುಬಲಕ್ಕೆ ಹೆಚ್ಚು ಒತ್ತು ನೀಡಿದರೆ, ಆಕ್ಯುಪೇಷನಲ್ ಥೆರಪಿ ಆ ಚಲನೆಯಿಂದ ಮಗು ಏನು ಮಾಡಬಲ್ಲದು ಎಂಬುದಕ್ಕೆ ಒತ್ತು ನೀಡುತ್ತದೆ.

ಭಾರತಕ್ಕೆ ಈ ಶಾಸ್ತ್ರ ಹೊಸದೇನಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಮೊದಲ ಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಅಖಿಲ ಭಾರತ ಸಂಘವು 1952ರಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಭಾರತವೂ ಒಂದು. ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯು ಈ ವೃತ್ತಿಯನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ.

ಕೈ ಬೆಳೆಯುವ ಕ್ರಮ

ಕೈಬೆರಳುಗಳ ನಯವಾದ ಚಲನೆಗೆ ಸೂಕ್ಷ್ಮ ಚಲನಾ ಕೌಶಲ ಎನ್ನುತ್ತಾರೆ. ಇದು ಬೆರಳಿನಿಂದ ಆರಂಭವಾಗುವುದಿಲ್ಲ. ಮೊದಲು ಕುತ್ತಿಗೆ ನಿಲ್ಲಬೇಕು, ಹೆಗಲು ಗಟ್ಟಿಯಾಗಬೇಕು, ಆನಂತರ ಮೊಳಕೈ ಮತ್ತು ಮಣಿಕಟ್ಟು ಹಿಡಿತಕ್ಕೆ ಬರಬೇಕು. ಬೆರಳಿನ ಸರದಿ ಕೊನೆಯದು. ಆದ್ದರಿಂದಲೇ ಮಗುವಿನ ಕೈ ಪರೀಕ್ಷಿಸಬೇಕಾದ ಚಿಕಿತ್ಸಕರು ಮೊದಲು ಅದರ ಬೆನ್ನು, ಹೆಗಲನ್ನು ನೋಡುತ್ತಾರೆ.

ಅಂಗೈಯಲ್ಲಿಯೂ ಒಂದು ಕ್ರಮವಿದೆ. ಮಗು ವಸ್ತುವನ್ನು ಮೊದಲು ಹಿಡಿಯುವುದು ಕಿರುಬೆರಳಿನ ಕಡೆಯಿಂದ. ಬರಬರುತ್ತ ಹಿಡಿತವು ಹೆಬ್ಬೆರಳಿನ ಕಡೆಗೆ ಸರಿಯುತ್ತದೆ. ಕೊನೆಗೆ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಸೇರಿ, ಚಿಟಿಕೆ ಉಪ್ಪು ತೆಗೆಯುವಾಗ ದೊಡ್ಡವರು ಬಳಸುವ ಹಿಡಿತ ಸಿದ್ಧಿಸುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ ಅವರ ಬಳಗದಲ್ಲಿದ್ದ ಹಾಲ್ವರ್‌ಸನ್ ಎಂಬ ಸಂಶೋಧಕರು ಕೂಸುಗಳು ವಸ್ತುವನ್ನು ಹಿಡಿಯುವ ರೀತಿಯನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಈ ಕ್ರಮವನ್ನು ಹಂತಹಂತವಾಗಿ ವಿವರಿಸಿ 1931ರಲ್ಲಿ ಪ್ರಕಟಿಸಿದರು. ಒಂದು ಅಂಗುಲದ ಮರದ ಘನಾಕೃತಿ ಇಂದಿಗೂ ತಪಾಸಣಾ ಪೆಟ್ಟಿಗೆಯಲ್ಲಿರುತ್ತದೆ.

ತಿಂಗಳುಗಳ ಲೆಕ್ಕ

ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಕೆಲಸ ಕಲಿಯುವುದಿಲ್ಲ. ಕೆಳಗಿನದು ಸರಾಸರಿ ಲೆಕ್ಕ. ಕೆಲವು ವಾರ ಹಿಂದುಮುಂದಾಗುವುದು ಸಹಜ.

ಹುಟ್ಟಿದಾಗ: ಮುಷ್ಟಿ ಬಹುಪಾಲು ಮಡಿಚಿರುತ್ತದೆ. ಅಂಗೈಗೆ ಬೆರಳು ತಾಗಿಸಿದರೆ ಮಗು ಗಟ್ಟಿಯಾಗಿ ಹಿಡಿಯುತ್ತದೆ. ಇದು ಇಚ್ಛೆಯ ಹಿಡಿತವಲ್ಲ, ಪ್ರತಿವರ್ತನ. ನಾಲ್ಕರಿಂದ ಆರು ತಿಂಗಳೊಳಗೆ ಇದು ಮರೆಯಾಗುತ್ತದೆ.

3 ತಿಂಗಳು: ಮುಷ್ಟಿ ಹೆಚ್ಚು ಹೊತ್ತು ತೆರೆದಿರುತ್ತದೆ. ಮಗು ತನ್ನ ಕೈಯನ್ನು ತಾನೇ ದಿಟ್ಟಿಸುತ್ತದೆ, ಎರಡೂ ಕೈಗಳನ್ನು ಎದೆಯ ಮುಂದೆ ತರತೊಡಗುತ್ತದೆ.

4ರಿಂದ 5 ತಿಂಗಳು: ಕಂಡ ವಸ್ತುವಿನತ್ತ ಕೈಚಾಚುತ್ತದೆ. ಕೈಗಿತ್ತ ಗಿಲಕಿಯನ್ನು ಹಿಡಿದುಕೊಳ್ಳುತ್ತದೆ, ಬಾಯಿಗೆ ಒಯ್ಯುತ್ತದೆ.

6ರಿಂದ 7 ತಿಂಗಳು: ವಸ್ತುವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತದೆ. ಸಣ್ಣ ವಸ್ತುವನ್ನು ಎಲ್ಲ ಬೆರಳುಗಳಿಂದ ಗೋರಿಕೊಳ್ಳಲು ಯತ್ನಿಸುತ್ತದೆ.

9 ತಿಂಗಳು: ಎರಡೂ ಕೈಗಳಲ್ಲಿ ಒಂದೊಂದು ವಸ್ತು ಹಿಡಿದು ಪರಸ್ಪರ ಬಡಿಯುತ್ತದೆ. ತೋರುಬೆರಳಿನಿಂದ ಚುಚ್ಚಿ ನೋಡುತ್ತದೆ. ಒರಟಾದ ಚಿಟಿಕೆ ಹಿಡಿತ ಆರಂಭವಾಗುತ್ತದೆ.

12 ತಿಂಗಳು: ಚಿಟಿಕೆ ಹಿಡಿತ ನಯವಾಗುತ್ತದೆ. ಕೇಳಿದರೆ ವಸ್ತುವನ್ನು ಬಿಟ್ಟುಕೊಡುತ್ತದೆ. ಹಿಡಿಯುವುದಕ್ಕಿಂತ ಬೇಕೆಂದಾಗ ಬಿಡುವುದು ಕಷ್ಟದ ಕೌಶಲ.

15ರಿಂದ 18 ತಿಂಗಳು: ಘನಾಕೃತಿಗಳನ್ನು ಒಂದರ ಮೇಲೊಂದು ಇಡುತ್ತದೆ. ಬಳಪ ಸಿಕ್ಕಿದರೆ ಗೀಚುತ್ತದೆ. ಎರಡು ವರ್ಷಕ್ಕೆ ಸುಮಾರು ಆರು ಘನಾಕೃತಿಗಳ ಗೋಪುರ ಸಾಧ್ಯವಾಗುತ್ತದೆ.

ಬಲಗೈ ಎಂದು ಸಂತೋಷಪಡುವ ಮುನ್ನ

ಈ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯವೇ ಪೋಷಕರು ಮುಖ್ಯವಾಗಿ ತಿಳಿಯಬೇಕಾದುದು. ಮೊದಲ ವರ್ಷದಲ್ಲಿ ಮಗುವಿಗೆ ಎಡ ಬಲ ಎಂಬ ಭೇದವಿರಬಾರದು. ಯಾವ ಕೈ ಹತ್ತಿರವಿದೆಯೋ ಆ ಕೈಯನ್ನು ಅದು ಚಾಚಬೇಕು. ಒಂದು ಕೈಯತ್ತ ಒಲವು ಸಾಮಾನ್ಯವಾಗಿ ಕಾಣತೊಡಗುವುದು ಒಂದೂವರೆ ವರ್ಷದ ನಂತರ. ಅದು ಸ್ಥಿರವಾಗುವುದು ಮೂರು ನಾಲ್ಕು ವರ್ಷದ ಹೊತ್ತಿಗೆ.

ನಮ್ಮ ಮನೆಗಳಲ್ಲಿ ಎಡಗೈ ಬಳಸುವ ಮಗುವನ್ನು ತಿದ್ದುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹಾಗಾಗಿ ಎಂಟು ತಿಂಗಳ ಕೂಸು ಪ್ರತಿಸಲವೂ ಬಲಗೈಯನ್ನೇ ಚಾಚಿದರೆ, ಎಡಚ ಆಗಲಿಲ್ಲವಲ್ಲ ಎಂದು ಹಿರಿಯರು ಸಮಾಧಾನಪಡುವುದುಂಟು. ಆದರೆ ಗಮನಿಸಬೇಕಾದುದು ಚುರುಕಾಗಿರುವ ಬಲಗೈಯನ್ನಲ್ಲ, ಸುಮ್ಮನಿರುವ ಎಡಗೈಯನ್ನು. ಆ ಕೈ ಮುಷ್ಟಿ ಕಟ್ಟಿಕೊಂಡೇ ಇದೆಯೇ? ಹೆಬ್ಬೆರಳು ಅಂಗೈಯೊಳಗೆ ಸಿಲುಕಿದೆಯೇ? ಅಂಗಿ ತೊಡಿಸುವಾಗ ಒಂದು ತೋಳು ಬಿಗಿಯಾಗಿದೆಯೇ?

ಇಂಥ ಅಸಮತೆಗೆ ಹಲವು ಕಾರಣಗಳಿರಬಹುದು. ಹೆರಿಗೆಯ ವೇಳೆ ಮಗುವಿನ ಹೆಗಲು ಸಿಕ್ಕಿಕೊಂಡು ಕುತ್ತಿಗೆಯ ಬಳಿಯ ನರಗಳು ಜಗ್ಗಿದರೆ ತೋಳು ಸೋಲುತ್ತದೆ. ಇದಕ್ಕೆ ಅರ್ಬ್ಸ್ ಪಾಲ್ಸಿ ಎಂದು ಹೆಸರು. ಇದು ಹುಟ್ಟಿದ ಕೂಡಲೇ ಕಾಣಿಸುತ್ತದೆ ಮತ್ತು ಬಹಳಷ್ಟು ಮಕ್ಕಳಲ್ಲಿ ಮೊದಲ ಕೆಲವು ತಿಂಗಳುಗಳಲ್ಲೇ ಸುಧಾರಿಸುತ್ತದೆ. ಇನ್ನೊಂದು ಕಾರಣ ಗರ್ಭದಲ್ಲಿ ಅಥವಾ ಹುಟ್ಟಿನ ಆಸುಪಾಸಿನಲ್ಲಿ ಮೆದುಳಿನ ಒಂದು ಭಾಗಕ್ಕೆ ರಕ್ತ ಪೂರೈಕೆ ನಿಂತು ಆಗುವ ಆಘಾತ. ಇಂಥ ಮಗು ಹುಟ್ಟಿದಾಗ ಪೂರ್ಣ ಆರೋಗ್ಯವಾಗಿಯೇ ಕಾಣಬಹುದು. ನಾಲ್ಕೈದು ತಿಂಗಳಾಗಿ ಮಗು ಕೈಚಾಚುವ ವಯಸ್ಸು ಬಂದಾಗಲೇ ಒಂದು ಕೈ ಹಿಂದುಳಿದಿರುವುದು ತಿಳಿಯುತ್ತದೆ. ಅದನ್ನು ಮೊದಲು ಕಾಣುವವರು ವೈದ್ಯರಲ್ಲ, ಮನೆಯವರು.

ಕಾಯುವುದರ ಬೆಲೆ

"ಅವರಪ್ಪನೂ ಎಲ್ಲ ತಡವಾಗಿಯೇ ಕಲಿತವನು, ಸ್ವಲ್ಪ ದಿನ ನೋಡೋಣ" ಎಂಬ ಮಾತು ಪ್ರೀತಿಯಿಂದಲೇ ಬರುವಂಥದ್ದು. ಎಷ್ಟೋ ಸಲ ಅದು ನಿಜವೂ ಆಗುತ್ತದೆ. ಆದರೆ ನಿಜವಾಗದ ಸಂದರ್ಭದಲ್ಲಿ ಕಳೆದ ತಿಂಗಳುಗಳು ಮರಳಿ ಸಿಗುವುದಿಲ್ಲ.

ಇದಕ್ಕೆ ಕಾರಣ ಮೆದುಳಿನ ರಚನೆಯಲ್ಲಿದೆ. ಹುಟ್ಟುವಾಗ ಮೆದುಳಿನ ಪ್ರತಿ ಅರ್ಧಭಾಗದಿಂದಲೂ ದೇಹದ ಎರಡೂ ಬದಿಗೆ ನರಮಾರ್ಗಗಳು ಹೊರಡುತ್ತವೆ. ಮುಂದಿನ ತಿಂಗಳುಗಳಲ್ಲಿ ಬಳಕೆಗೆ ಬಂದ ಮಾರ್ಗಗಳು ಬಲಗೊಂಡು, ಬಳಕೆಯಾಗದವು ಹಿಂದೆ ಸರಿಯುತ್ತವೆ. ಸುಮ್ಮನಿರುವ ಕೈ ಸುಮ್ಮನೇ ಉಳಿದಷ್ಟೂ ಅದರ ಮಾರ್ಗ ಕ್ಷೀಣಿಸುತ್ತದೆ. ಅದನ್ನು ಆಟದ ಮೂಲಕ ಬಳಕೆಗೆ ತರಲು ಮೊದಲೆರಡು ವರ್ಷಗಳಷ್ಟು ಅನುಕೂಲದ ಕಾಲ ಇನ್ನೊಂದಿಲ್ಲ.

ಮೆದುಳಿನ ಹಾನಿಯಿಂದ ಚಲನೆಗೆ ತೊಡಕಾಗುವ ಸ್ಥಿತಿಯೇ ಸೆರೆಬ್ರಲ್ ಪಾಲ್ಸಿ. ಒಂದರಿಂದ ಎರಡು ವರ್ಷ ತುಂಬುವವರೆಗೆ ಅದನ್ನು ಖಚಿತವಾಗಿ ಹೇಳಲಾಗದು ಎಂಬ ಭಾವನೆ ವೈದ್ಯರಲ್ಲಿಯೂ ಹಿಂದೆ ಇತ್ತು. ಆಸ್ಟ್ರೇಲಿಯದ ಅಯೋನಾ ನೊವಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನವು, ಸೂಕ್ತ ಪರೀಕ್ಷೆಗಳನ್ನು ಬಳಸಿದರೆ ಆರು ತಿಂಗಳೊಳಗೇ ನಿರ್ಣಯ ಸಾಧ್ಯವೆಂದು ತೋರಿಸಿತು. ಖಚಿತವಾಗದಿದ್ದರೂ ಸಂಭವ ಹೆಚ್ಚೆಂದು ಕಂಡಲ್ಲಿ ಚಿಕಿತ್ಸೆ ಆರಂಭಿಸಬೇಕು ಎಂಬುದು ಅದರ ಮುಖ್ಯ ಸಲಹೆ.

ನಮ್ಮ ರಾಜ್ಯದಲ್ಲಿ ಇನ್ನೊಂದು ತೊಡಕಿದೆ. ಹೆರಿಗೆ ಒಂದು ಊರಿನಲ್ಲಿ, ಬಾಣಂತನ ತವರಿನಲ್ಲಿ, ಮೂರರಿಂದ ಐದು ತಿಂಗಳ ನಂತರ ಗಂಡನ ಮನೆ. ಮುಷ್ಟಿ ತೆರೆಯಬೇಕಾದ, ಕೈಚಾಚಬೇಕಾದ ತಿಂಗಳುಗಳು ಇದೇ ಓಡಾಟದಲ್ಲಿ ಕಳೆಯುತ್ತವೆ. ಒಬ್ಬ ವೈದ್ಯರು ಕಂಡದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಹೆರಿಗೆ ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ತಾಯಿ ಕಾರ್ಡನ್ನು ಮಗುವಿನೊಡನೆ ಕೊಂಡೊಯ್ಯುವುದು ಇದಕ್ಕೆ ಸುಲಭ ಪರಿಹಾರ.

ಯಾರಿಗೆ ತಪಾಸಣೆ?

ಅವಧಿಗೆ ಮುನ್ನ ಹುಟ್ಟಿದ, ತೂಕ ತೀರ ಕಡಿಮೆಯಿದ್ದ, ಹುಟ್ಟಿದೊಡನೆ ಅಳದ, ಫಿಟ್ಸ್ ಬಂದ, ಕಾಮಾಲೆ ತೀವ್ರವಾಗಿದ್ದ ಅಥವಾ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಬಹಳ ದಿನ ಇದ್ದ ಮಕ್ಕಳಿಗೆ, ಯಾವ ದೋಷ ಕಾಣದಿದ್ದರೂ ಬೆಳವಣಿಗೆಯ ತಪಾಸಣೆ ಅಗತ್ಯ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಉಳಿದ ಮಕ್ಕಳಲ್ಲಿ ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ಮಕ್ಕಳ ವೈದ್ಯರ ಗಮನಕ್ಕೆ ತರಬೇಕು.

- ನಾಲ್ಕು ತಿಂಗಳಾದರೂ ಮುಷ್ಟಿ ಸದಾ ಬಿಗಿಯಾಗಿರುವುದು
- ಆರು ತಿಂಗಳಾದರೂ ವಸ್ತುವಿನತ್ತ ಕೈಚಾಚದಿರುವುದು
- ಒಂದು ವರ್ಷದೊಳಗೆ ಒಂದೇ ಕೈಯನ್ನು ಬಳಸುವುದು
- ಒಂಬತ್ತು ತಿಂಗಳಾದರೂ ಕೈಯಿಂದ ಕೈಗೆ ವಸ್ತು ಬದಲಾಯಿಸದಿರುವುದು
- ಒಂದು ವರ್ಷವಾದರೂ ಸಣ್ಣ ವಸ್ತುವನ್ನು ಬೆರಳಿನಿಂದ ಹೆಕ್ಕದಿರುವುದು
- ಕಲಿತ ಕೆಲಸವನ್ನು ಮರೆಯುವುದು. ಇದು ಯಾವ ವಯಸ್ಸಿನಲ್ಲಾದರೂ ತಡಮಾಡದೆ ತೋರಿಸಬೇಕಾದ ಲಕ್ಷಣ

ಅವಧಿಪೂರ್ವ ಶಿಶುಗಳ ವಯಸ್ಸನ್ನು ಎರಡು ವರ್ಷದವರೆಗೆ ಬೇರೆ ರೀತಿ ಲೆಕ್ಕ ಹಾಕಬೇಕು. 32 ವಾರಕ್ಕೆ ಹುಟ್ಟಿದ ಮಗು, 40 ವಾರದ ಅವಧಿಗೆ ಹೋಲಿಸಿದರೆ 8 ವಾರ ಮುಂಚೆ ಬಂದಿದೆ. ಅದಕ್ಕೆ ಆರು ತಿಂಗಳು ತುಂಬಿದಾಗ ಬೆಳವಣಿಗೆಯ ಲೆಕ್ಕದಲ್ಲಿ ಸುಮಾರು ನಾಲ್ಕು ತಿಂಗಳು ಮಾತ್ರ. ಈ ಲೆಕ್ಕ ತಿಳಿಯದೆ ಅನಗತ್ಯವಾಗಿ ಕೊರಗುವ ತಾಯಂದಿರು ಅನೇಕರು.

ತಪಾಸಣೆ ನಡೆಯುವ ಬಗೆ

ತಪಾಸಣೆಗೆ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಸೂಜಿ, ರಕ್ತಪರೀಕ್ಷೆ, ನೋವು ಯಾವುದೂ ಇಲ್ಲ. ಮಗು ಹಾಲು ಕುಡಿದು, ನಿದ್ರೆ ಮುಗಿಸಿ ಗೆಲುವಾಗಿರುವ ಹೊತ್ತನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹಸಿದ ಮಗುವಿನ ತಪಾಸಣೆಯಿಂದ ಅದರ ಹಸಿವಷ್ಟೇ ತಿಳಿಯುತ್ತದೆ.

ಮೊದಲು ಗರ್ಭಾವಸ್ಥೆ, ಹೆರಿಗೆ, ಆಹಾರ, ನಿದ್ರೆ ಮತ್ತು ದಿನಚರಿಯ ಬಗ್ಗೆ ಪ್ರಶ್ನೆಗಳಿರುತ್ತವೆ. ಬಳಿಕ ಚಾಪೆಯ ಮೇಲೆ ಅಥವಾ ತಾಯಿಯ ಮಡಿಲಲ್ಲಿ ಮಗುವನ್ನು ಅದರ ಪಾಡಿಗೆ ಬಿಟ್ಟು ಗಮನಿಸಲಾಗುತ್ತದೆ. ಆಮೇಲೆ ಸ್ನಾಯುಗಳ ಬಿಗಿತ, ಕೀಲುಗಳ ಚಲನೆ, ಪ್ರತಿವರ್ತನಗಳ ಪರೀಕ್ಷೆ. ಕೊನೆಗೆ ಆಟದ ವಸ್ತುಗಳು: ಗಿಲಕಿ, ಘನಾಕೃತಿಗಳು, ಬಟ್ಟಲು, ಗಂಟೆ, ಬಳಪ. ಘನಾಕೃತಿಯನ್ನು ಒಮ್ಮೆ ನಡುವೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಡುತ್ತಾರೆ. ಎಡಕ್ಕಿಟ್ಟ ವಸ್ತುವಿಗೂ ಮಗು ಮೈ ತಿರುಗಿಸಿ ಬಲಗೈಯನ್ನೇ ಚಾಚಿದರೆ ಅದು ಮಹತ್ತ್ವದ ಸುಳಿವು. ಮಗುವಿನ ದೃಷ್ಟಿ ವಸ್ತುವನ್ನು ಹಿಂಬಾಲಿಸುತ್ತಿದೆಯೇ, ಸದ್ದಿಗೆ ತಿರುಗುತ್ತಿದೆಯೇ ಎಂಬುದನ್ನೂ ನೋಡಲಾಗುತ್ತದೆ. ಕಣ್ಣಿನ ದೋಷವೂ ಕೈಯ ದೋಷದಂತೆ ಕಾಣಬಹುದು.

ಹೊಸ ಜಾಗ, ಹೊಸ ಮುಖ ಕಂಡು ಮಗು ಮನೆಯಲ್ಲಿ ಮಾಡುವುದನ್ನು ಅಲ್ಲಿ ಮಾಡದೇ ಹೋಗಬಹುದು. ಮಗು ಮನೆಯಲ್ಲಿ ಆಡುವಾಗ, ಉಣ್ಣುವಾಗ ಮೊಬೈಲ್‌ನಲ್ಲಿ ತೆಗೆದ ಕೆಲವು ನಿಮಿಷಗಳ ವಿಡಿಯೋ ಆಗ ಬಹಳ ಉಪಯುಕ್ತ.

ಅಳತೆಗೋಲುಗಳು

ಕಂಡದ್ದನ್ನು ಅಂಕಗಳಲ್ಲಿ ದಾಖಲಿಸಲು ಪ್ರಮಾಣೀಕೃತ ಮಾಪಕಗಳಿವೆ. ಪೀಬಾಡಿ ಚಲನಾ ಮಾಪಕವು ಮೊದಲು 1983ರಲ್ಲಿ ಬಂತು. ಹಿಡಿತ ಮತ್ತು ಕಣ್ಣು ಕೈಗಳ ಹೊಂದಾಣಿಕೆಯನ್ನು ಅದು ಪ್ರತ್ಯೇಕವಾಗಿ ಅಳೆಯುತ್ತದೆ. 1969ರಲ್ಲಿ ಮೊದಲು ಪ್ರಕಟವಾದ ಬೇಲಿ ಮಾಪಕದ ನಾಲ್ಕನೆಯ ಆವೃತ್ತಿ 2019ರಲ್ಲಿ ಹೊರಬಂದಿತು. ಸ್ವೀಡನ್ನಿನಲ್ಲಿ ರೂಪುಗೊಂಡ ಶಿಶು ಹಸ್ತ ಮಾಪಕವು 3ರಿಂದ 12 ತಿಂಗಳ ಕೂಸಿನ ಎರಡೂ ಕೈಗಳಿಗೆ ಬೇರೆಬೇರೆ ಅಂಕ ನೀಡುತ್ತದೆ.

ಭಾರತೀಯ ಮಕ್ಕಳಿಗೆಂದೇ ರೂಪಿಸಿದವೂ ಇವೆ. ಬರೋಡದಲ್ಲಿ ಪ್ರಮೀಳಾ ಫಾಟಕ್ ಅವರ ನೇತೃತ್ವದಲ್ಲಿ ಸಿದ್ಧವಾದ, 1997ರಲ್ಲಿ ಪರಿಷ್ಕೃತಗೊಂಡ ಡಿ.ಎ.ಎಸ್.ಐ.ಐ. ಮಾಪಕದಲ್ಲಿ 67 ಚಲನಾ ಅಂಶಗಳೂ 163 ಮಾನಸಿಕ ಅಂಶಗಳೂ ಇವೆ. ಎರಡೂವರೆ ವರ್ಷದವರೆಗಿನ ಮಕ್ಕಳಿಗೆ ಇದು ಅನ್ವಯ. ತಿರುವನಂತಪುರದ ಮಕ್ಕಳ ಅಭಿವೃದ್ಧಿ ಕೇಂದ್ರವು ರೂಪಿಸಿದ 17 ಅಂಶಗಳ ಸರಳ ಪಟ್ಟಿಯನ್ನು ಆರೋಗ್ಯ ಕಾರ್ಯಕರ್ತೆಯರೂ ಕೆಲವೇ ನಿಮಿಷಗಳಲ್ಲಿ ಬಳಸಬಹುದು.

ಇಂಥ ಹಲವು ಮಾಪಕಗಳಲ್ಲಿ 100 ಎಂಬುದು ಸರಾಸರಿ; 85ರಿಂದ 115ರ ನಡುವೆ ಇದ್ದರೆ ಸಾಮಾನ್ಯ. 70ಕ್ಕಿಂತ ಕಡಿಮೆಯಾದರೆ ಗಣನೀಯ ಹಿನ್ನಡೆಯೆಂದು ಪರಿಗಣಿಸಲಾಗುತ್ತದೆ. ಆದರೆ ಇದು ಪಾಸು, ಫೇಲು ನಿರ್ಧರಿಸುವ ಪರೀಕ್ಷೆಯಲ್ಲ. ಅಂಕ ಆ ದಿನದ ಚಿತ್ರ ಮಾತ್ರ. ಮೂರು ಅಥವಾ ಆರು ತಿಂಗಳ ನಂತರದ ಎರಡನೆಯ ತಪಾಸಣೆಯೊಡನೆ ಹೋಲಿಸಿದಾಗ ಅದಕ್ಕೆ ನಿಜವಾದ ಅರ್ಥ ಬರುತ್ತದೆ. ವರದಿಯಲ್ಲಿ ಅಂಕಕ್ಕಿಂತ ಮುಖ್ಯವಾದುದು ಮಗು ಈಗ ಏನು ಮಾಡುತ್ತದೆ, ಮುಂದೆ ಏನನ್ನು ಕಲಿಸಬೇಕು ಎಂಬ ಭಾಗ. ಅದನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ಪೋಷಕರಿಗಿದೆ.

ಚಿಕಿತ್ಸೆ ಮನೆಯಲ್ಲೇ

ವಾರಕ್ಕೊಂದೆರಡು ಗಂಟೆ ಚಿಕಿತ್ಸಕರ ಕೋಣೆಯಲ್ಲಿ ಕಳೆದರೆ ಸಾಲದು. ಉಳಿದ ಹೊತ್ತಿನಲ್ಲಿ ಮನೆಯಲ್ಲಿ ನಡೆಯುವುದೇ ನಿಜವಾದ ಚಿಕಿತ್ಸೆ. ಒಂದು ಕೈ ದುರ್ಬಲವಾಗಿರುವ ಮಕ್ಕಳಿಗೆ ಬಲವಾದ ಕೈಗೆ ಮೆತ್ತನೆಯ ಚೀಲ ತೊಡಿಸಿ, ದಿನಕ್ಕೆ ಸ್ವಲ್ಪ ಹೊತ್ತು ಇನ್ನೊಂದು ಕೈಯಿಂದ ಆಡಿಸುವ ವಿಧಾನವಿದೆ. ಎರಡೂ ಕೈ ಬೇಕಾಗುವ ಆಟಗಳನ್ನೇ ಆಡಿಸುವ ವಿಧಾನವೂ ಇದೆ. ಇವನ್ನು ತಜ್ಞರ ಮಾರ್ಗದರ್ಶನವಿಲ್ಲದೆ ಮಾಡಬಾರದು.

ಎಲ್ಲ ಮಕ್ಕಳಿಗೂ ಒಪ್ಪುವ ಕೆಲವು ಅಭ್ಯಾಸಗಳು ಹೀಗಿವೆ. ಎಚ್ಚರವಾಗಿರುವಾಗ ದೊಡ್ಡವರ ಎದುರಿನಲ್ಲಿ ಮಗುವನ್ನು ಬೋರಲು ಹಾಕಿ ಆಡಿಸಬೇಕು. ಇನ್ನೂ ತೆವಳದ ಶಿಶುವಿಗೆ ಇದು ದಿನದಲ್ಲಿ ಒಟ್ಟು 30 ನಿಮಿಷವಾದರೂ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ನಿದ್ರೆಗೆ ಮಾತ್ರ ಅಂಗಾತವೇ ಮಲಗಿಸಬೇಕು. ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೆಂಬುದೂ ಅದೇ ಸೂಚನೆಯಲ್ಲಿದೆ. ಕೈಗವಸನ್ನು ಇಡೀ ದಿನ ತೊಡಿಸದೆ ಬೆರಳುಗಳನ್ನು ಬಿಡುವಾಗಿ ಬಿಡಬೇಕು. ದುಬಾರಿ ಆಟಿಕೆ ಬೇಕಿಲ್ಲ. ಸ್ಟೀಲ್ ಬಟ್ಟಲು, ಮರದ ಸೌಟು, ಹಳೆಯ ಬಟ್ಟೆಯ ಚೂರು ಸಾಕು.

ಎಂಟೊಂಬತ್ತು ತಿಂಗಳ ನಂತರ ಇಡ್ಲಿಯ ಚೂರು, ಮೆತ್ತಗೆ ಬೆಂದ ಕ್ಯಾರೆಟ್ ತುಂಡುಗಳನ್ನು ತಟ್ಟೆಗೆ ಹಾಕಿ ತಾನೇ ಹೆಕ್ಕಿ ತಿನ್ನಲು ಬಿಡಬಹುದು. ತುತ್ತು ಬಾಯಿಗಿಡುವ ಪ್ರೀತಿ ಒಳ್ಳೆಯದೇ. ಆದರೆ ಮಗು ತಾನೇ ಅನ್ನ ಕಲಸಿ ಮೈಗೆಲ್ಲ ಮೆತ್ತಿಕೊಳ್ಳುವುದು ಬೆರಳಿಗೆ ದೊಡ್ಡ ಪಾಠ. ಇಡೀ ಕಡಲೆಬೀಜ, ದ್ರಾಕ್ಷಿ, ನಾಣ್ಯ, ಗುಂಡಿ ಆಕಾರದ ಬ್ಯಾಟರಿ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ಚಿಟಿಕೆ ಹಿಡಿತ ಬಂದ ದಿನದಿಂದ ಮನೆಯ ನೆಲವೂ ಪರಿಶೀಲನೆಗೆ ಒಳಪಡಬೇಕು.

ಎಲ್ಲಿ ಸಿಗುತ್ತದೆ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಬೆಳವಣಿಗೆಯ ವಿಳಂಬ ಕಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಎಂಬ ಕೇಂದ್ರಗಳಿಗೆ ಕಳುಹಿಸಲಾಗುತ್ತದೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಇದರ ವಿವರ ಪಡೆಯಬಹುದು. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿಯ ಪದವಿ ಶಿಕ್ಷಣವಿದೆ. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ಕೆಲಸ ಮಾಡುತ್ತ ಬಂದಿದೆ.

ನೆನಪಿಟ್ಟುಕೊಳ್ಳಲು ಒಂದು ಸುಲಭ ದಾರಿಯಿದೆ. ಲಸಿಕೆಗಾಗಿ ಮಗುವನ್ನು ಹೇಗೂ 14ನೆಯ ವಾರದಲ್ಲಿ, 9ನೆಯ ತಿಂಗಳಿನಲ್ಲಿ ಮತ್ತು 16ರಿಂದ 24 ತಿಂಗಳ ನಡುವೆ ಕರೆದೊಯ್ಯಬೇಕು. ಮೊದಲ ಭೇಟಿಯ ಹೊತ್ತಿಗೆ ಮುಷ್ಟಿ ತೆರೆಯುತ್ತಿದೆಯೇ, ಎರಡನೆಯದಕ್ಕೆ ಎರಡೂ ಕೈಗಳು ಸಮನಾಗಿ ದುಡಿಯುತ್ತಿವೆಯೇ, ಮೂರನೆಯದಕ್ಕೆ ಗೀಚುವುದು, ಜೋಡಿಸುವುದು ಬಂದಿದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಹೋದರೆ, ವೈದ್ಯರ ಮುಂದೆ ಕೇಳಬೇಕಾದ ಪ್ರಶ್ನೆ ತಾನಾಗಿಯೇ ಸಿಗುತ್ತದೆ. ತಪಾಸಣೆಯ ನಂತರ ಏನೂ ತೊಂದರೆಯಿಲ್ಲವೆಂದು ತಿಳಿದರೆ ನಷ್ಟವಾಗುವುದು ಒಂದು ಬೆಳಗು. ತೊಂದರೆ ಇದ್ದೂ ತಪಾಸಣೆ ಆಗದಿದ್ದರೆ ನಷ್ಟವಾಗುವುದು ಒಂದು ಕೈಯ ಬಳಕೆ.